ತೀರ್ಥಹಳ್ಳಿಗೆ ಹತ್ತು ಅಕ್ಷರ

“ಮೇಡಂ, ಇದು ತಪ್ಪು ಹೇಳ್ತಿದೆ. ಅಡಿಕೆ ಮೂರೇ ಅಕ್ಷರ ಅಲ್ದಾ?”

ಪ್ರಥಮ ಪಿಯುಸಿಯ ಲ್ಯಾಬಿನಲ್ಲಿ ಹೊಸನಗರ ಕಡೆಯ ಹುಡುಗಿಯೊಬ್ಬಳು ಹೀಗೆ ಕೇಳಿದಳು. ಪದದ ಉದ್ದ ಎಣಿಸುವ ‘ಲೆನ್’ ಆಜ್ಞೆಯನ್ನು ಅಂದು ಹೇಳಿಕೊಟ್ಟಿದ್ದೆ. ಅವಳು ‘ಅಡಿಕೆ’ ಎಂದು ಕನ್ನಡದಲ್ಲೇ ಟೈಪ್ ಮಾಡಿದ್ದಳು. ಪರದೆಯ ಮೇಲೆ 5 ಎಂದು ಬಂದಿತ್ತು.

ಬೋರ್ಡಿನ ಮೇಲೆ ಬಿಡಿಸಿ ಬರೆದೆ. ಅ ಒಂದು, ಡ ಒಂದು, ಅದರ ಗುಡಿಸು ಇನ್ನೊಂದು, ಕ ಒಂದು, ಅದರ ಎತ್ವ ಮತ್ತೊಂದು. ಯೂನಿಕೋಡಿನಲ್ಲಿ ಗುಣಿತದ ಚಿಹ್ನೆಗೂ ಬೇರೆಯೇ ಸಂಖ್ಯೆಯಿದೆ. ಕಂಪ್ಯೂಟರು ಎಣಿಸುವುದು ಆ ಸಂಖ್ಯೆಗಳನ್ನು. ಅವಳು ಅಲ್ಲಿಗೇ ಬಿಡಲಿಲ್ಲ. ಸಾಗರ ಎಂದು ಕೊಟ್ಟಳು, 4. ಹೊಸನಗರ, 6. ತೀರ್ಥಹಳ್ಳಿ, 10! ಕಣ್ಣಿಗೆ ಐದಕ್ಷರದ ಹೊಸನಗರಕ್ಕಿಂತ ನಾಲ್ಕಕ್ಷರದ ತೀರ್ಥಹಳ್ಳಿ ಉದ್ದ. ಯಾಕೆಂದು ಅವಳೇ ಹತ್ತು ನಿಮಿಷದಲ್ಲಿ ಕಂಡುಹಿಡಿದಳು. ಒತ್ತಕ್ಷರ ಇದ್ದಲ್ಲೆಲ್ಲ ನಡುವೆ ಒಂದು ಅರ್ಧಾಕ್ಷರದ ಚಿಹ್ನೆ ಅಡಗಿರುತ್ತದೆ.

ಪಿಯುಸಿ ಕಂಪ್ಯೂಟರ್ ಸೈನ್ಸ್ ಎಂದರೆ ನನಗೆ ಇದೇ. ಟೈಪಿಂಗ್, ಪವರ್‌ಪಾಯಿಂಟ್ ಕಲಿಸುವ ಪಾಠ ಎಂದು ಎಷ್ಟೋ ಪೋಷಕರು ಇಂದಿಗೂ ತಿಳಿದಿದ್ದಾರೆ. ಅಲ್ಲ. ಒಂದು ಕೆಲಸವನ್ನು ಎಲ್ಲೂ ಹಂತ ತಪ್ಪದಂತೆ ಬಿಡಿಸಿ ಯೋಚಿಸುವುದನ್ನು ಇಲ್ಲಿ ಕಲಿಸುತ್ತೇವೆ. ಅದು ನಮ್ಮ ಮಕ್ಕಳಿಗೆ ಹೊಸತೇನೂ ಅಲ್ಲ. ಅಡಿಕೆ ಆರಿಸಲು ಕೂತ ಅಮ್ಮ ಒಂದೊಂದನ್ನೂ ನೋಡಿ ಇದು ರಾಶಿ, ಅಲ್ಲದಿದ್ದರೆ ಬೆಟ್ಟೆ, ಅದೂ ಅಲ್ಲದಿದ್ದರೆ ಗೊರಬಲು ಎಂದು ಬೇರೆ ಬೇರೆ ಗುಡ್ಡೆಗೆ ಹಾಕುತ್ತಾಳಲ್ಲ, ನಾವು ಕಲಿಸುವ ಪೈಥಾನ್ ಭಾಷೆಯ ‘ಇಫ್, ಎಲಿಫ್, ಎಲ್ಸ್’ ಅಷ್ಟೇ. ಮಂಡಿಯಲ್ಲಿ ಒಂದರ ಮೇಲೊಂದು ಪೇರಿಸಿದ ಚೀಲಗಳಲ್ಲಿ ಕೊನೆಗೆ ಇಟ್ಟದ್ದನ್ನೇ ಮೊದಲು ತೆಗೆಯಬೇಕು, ಅದು ‘ಸ್ಟ್ಯಾಕ್’. ಡೇರಿಯ ಸಾಲಿನಲ್ಲಿ ಮೊದಲು ಬಂದವರ ಹಾಲು ಮೊದಲು, ಅದು ‘ಕ್ಯೂ’.

ಹಿಂದೆ ನಾವು ಸಿ++ ಕಲಿಸುತ್ತಿದ್ದೆವು, ಈಗ ಪೈಥಾನ್ ಬಂದಿದೆ. ಗಿಡೊ ವಾನ್ ರಾಸಮ್ 1991ರಲ್ಲಿ ಹೊರತಂದ ಭಾಷೆ. ಪಠ್ಯ ಇಂಗ್ಲಿಷಿನಲ್ಲಿದೆ, ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಮೊದಲ ತಿಂಗಳು ಬಾಯಿ ಬಿಡುವುದಿಲ್ಲ. ನನಗೆ ಬಹಳ ಬೇಸರ ತರುವುದು ಅದು. ಪೈಥಾನ್ 3ರಲ್ಲಿ ಚರಗಳ ಹೆಸರನ್ನು ಕನ್ನಡದಲ್ಲೇ ಇಡಬಹುದು. ಹಾಗಾಗಿ ಮೊದಲ ಪ್ರೋಗ್ರಾಮನ್ನು ‘ಹಣ = ತೂಕ * ದರ’ ಎಂದು ಬರೆಸುತ್ತೇನೆ. ಓಡಿತೆಂದರೆ ಮಕ್ಕಳ ಹೆದರಿಕೆ ಅರ್ಧ ಇಳಿಯುತ್ತದೆ. ಇದೇ ತೀರ್ಥಹಳ್ಳಿ ಸೀಮೆಯ ಕುಪ್ಪಳಿಯಲ್ಲಿ ಹುಟ್ಟಿದ ಸಾಹಿತಿ ತೇಜಸ್ವಿಯವರು ಕಂಪ್ಯೂಟರಿನಲ್ಲಿ ಕನ್ನಡ ಸರಾಗವಾಗಿ ನಡೆಯಬೇಕೆಂದು ಕೊನೆಯ ವರ್ಷಗಳಲ್ಲಿ ಹಟ ಹಿಡಿದು ದುಡಿದರು. ಅದರ ಬೆಲೆ ಲ್ಯಾಬಿನಲ್ಲಿ ನಿಂತಾಗ ಗೊತ್ತಾಗುತ್ತದೆ.

ಕಷ್ಟವೂ ಇದೆ. ಲಿಂಗನಮಕ್ಕಿ ಅಣೆಕಟ್ಟು ಸಾಗರ ತಾಲ್ಲೂಕಿನಲ್ಲಿ, ಮಾಣಿ ಅಣೆಕಟ್ಟು ಹೊಸನಗರದಲ್ಲಿ. ನಾಡಿಗೆ ಬೆಳಕು ಕೊಡುವ ಈ ಊರುಗಳಲ್ಲೇ ಆಷಾಢದ ಗಾಳಿಗೆ ಮರ ಬಿದ್ದರೆ ಕರೆಂಟು ಯಾವಾಗ ಬಂದೀತೋ ಹೇಳಲಾಗದು. ಆಗ ‘ಡ್ರೈ ರನ್’. ಪ್ರೋಗ್ರಾಮಿನ ಒಂದೊಂದು ಸಾಲಿಗೂ ಯಾವ ಚರದಲ್ಲಿ ಯಾವ ಬೆಲೆ ಇದೆಯೆಂದು ಮಕ್ಕಳು ನೋಟ್‌ಬುಕ್ಕಿನಲ್ಲೇ ಕೋಷ್ಟಕ ಹಾಕುತ್ತಾರೆ. ಮಳೆಗಾಲದಲ್ಲಿ ಹೀಗೆ ಕಲಿತವರ ತಳಪಾಯ ಗಟ್ಟಿ. ಆದರೆ ಪರೀಕ್ಷೆಯ 100 ಅಂಕಗಳಲ್ಲಿ 30 ಪ್ರಾಯೋಗಿಕಕ್ಕೆ, ಅದಕ್ಕೆ ಕೀಲಿಮಣೆಯ ಮೇಲೆ ಕೈ ಆಡಲೇಬೇಕು.

ಎಸ್ಸೆಸ್ಸೆಲ್ಸಿ ಮುಗಿಸಿದ ಮಗನನ್ನೋ ಮಗಳನ್ನೋ ವಿಜ್ಞಾನದ ಪಿಸಿಎಂಸಿಗೆ, ಇಲ್ಲವೇ ವಾಣಿಜ್ಯದ ಸಿಇಬಿಎಗೆ ಸೇರಿಸಲು ಬರುವವರಲ್ಲಿ ನನ್ನದೊಂದು ಕೋರಿಕೆ. ಫಲಿತಾಂಶ ಎಷ್ಟು ಪರ್ಸೆಂಟ್ ಎಂದು ಕೇಳುವ ಮೊದಲು ಲ್ಯಾಬಿಗೆ ಹೋಗಿ ನೋಡಿ. ಕಂಪ್ಯೂಟರು ಎಷ್ಟಿವೆ, ವಾರಕ್ಕೆ ಎಷ್ಟು ಗಂಟೆ ನಿಮ್ಮ ಮಗುವಿನ ಕೈಗೆ ಸಿಗುತ್ತವೆ, ಕರೆಂಟು ಹೋದರೆ ಯುಪಿಎಸ್ ಇದೆಯೇ, ಕೇಳಿ.