ಹಳೆಯ ಕಾರಿನ ಒಡಲು

ಮನೆಯ ಮುಂದೆ ನಿಂತ ಮೋಟಾರುಗಾಡಿಯನ್ನು ದಿನವೂ ಒರೆಸಿ ಥಳಥಳಿಸುವಂತೆ ಇಟ್ಟುಕೊಳ್ಳುವ ಗೃಹಸ್ಥರು ಅನೇಕರುಂಟು. ಆದರೆ ಅದರ ಆಸನಗಳನ್ನು ಕಳಚಿ ಕೆಳಗೇನಿದೆಯೆಂದು ನೋಡಿದವರು ವಿರಳ. ನಾವೂ ಮೊನ್ನೆ ಮೊನ್ನೆಯವರೆಗೆ ಆ ಬಹುಜನರ ಪಂಕ್ತಿಯಲ್ಲಿಯೇ ಕುಳಿತಿದ್ದೆವು. ನಮ್ಮದು 1998ನೆಯ ಇಸವಿಯ ಮಾರುತಿ 800. ಆ ಹೆಸರಿನ ಗಾಡಿಯು 1983ರ ಡಿಸೆಂಬರಿನಲ್ಲಿ ಮೊದಲು ಬೀದಿಗಿಳಿದು, 2014ರಲ್ಲಿ ಅದರ ತಯಾರಿಕೆ ನಿಂತುಹೋಯಿತೆಂಬುದನ್ನು ವಾಚಕರು ಬಲ್ಲರು. ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರು. ಅಲ್ಲಿ ನಮ್ಮ ಅಕ್ಕನವರ ಮನೆ. ತಿಂಗಳಿಗೆ ಎರಡು ಸಲವಾದರೂ ಈ ಗಾಡಿಯು ನಮ್ಮನ್ನು ಅಲ್ಲಿಗೆ ಮುಟ್ಟಿಸುತ್ತಿತ್ತು.

ಕಳೆದ ಮಳೆಗಾಲವು ಮುಗಿಯುತ್ತ ಬಂದಂತೆ ಗಾಡಿಯೊಳಗೆ ಒಂದು ಬಗೆಯ ಮುಗ್ಗುವಾಸನೆ ಹುಟ್ಟಿತು. “ಅಜ್ಜ, ಇದು ತೊಯ್ದ ಗೋಣಿಚೀಲದಂಗ ನಾರ್ತೈತಿ” ಎಂದು ಮೊಮ್ಮಗಳು ಮೂಗು ಮುಚ್ಚಿಕೊಂಡಳು. ನಾವು ಅಂಗಡಿಯಿಂದ ಸುಗಂಧದ ಸೀಸೆಯೊಂದನ್ನು ತಂದು ತೂಗುಹಾಕಿದೆವು. ಒಂದಿದ್ದ ವಾಸನೆ ಎರಡಾಯಿತು. ಹರಿಹರವನ್ನು ಮುಟ್ಟುವಷ್ಟರಲ್ಲಿ ಮಗುವಿಗೆ ಸೀನು ಹತ್ತಿ ಕಣ್ಣು ಕೆಂಪಾಗುತ್ತಿತ್ತು. ಗಾಡಿಯನ್ನು ಗುಜರಿಗೆ ಹಾಕಿಬಿಡಬೇಕೆಂದು ನಮ್ಮ ಮನೆಯವರ ತೀರ್ಪಾಯಿತು.

ಆ ತೀರ್ಪಿಗೆ ತಡೆ ತಂದವರು ಭಾವನವರು. 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾಗಿ, ಲೇತುಗಳಿಗೆ ದೇಶದಲ್ಲೆಲ್ಲ ಹೆಸರು ಪಡೆದು, ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಅವರು ಬಹುಕಾಲ ಕೆಲಸ ಮಾಡಿದವರು. ಬಾಗಿಲು ತೆರೆದು ಒಮ್ಮೆ ಮೂಸಿ, “ಮೇಷ್ಟ್ರೇ, ನೀರು ಕೆಳಗೆ ನಿಂತಿದೆ, ಮೇಲೆ ಒರೆಸಿದರೆ ಹೋಗುವುದಲ್ಲ. ಸೀಟು ಬಿಚ್ಚೋಣ” ಎಂದರು.

ಮೊದಲು ಬ್ಯಾಟರಿಯ ಋಣತಂತಿಯನ್ನು ಕಳಚಿದೆವು. ಮುಂದಿನ ಆಸನಗಳು ಹಳಿಯ ಮೇಲೆ ಜಾರುತ್ತವಷ್ಟೆ. ಆಸನವನ್ನು ಮುಂದಕ್ಕೆ ತಳ್ಳಿದರೆ ಹಿಂದಿನ ಬೋಲ್ಟುಗಳೂ, ಹಿಂದಕ್ಕೆ ಸರಿಸಿದರೆ ಮುಂದಿನವೂ ಕೈಗೆ ಸಿಕ್ಕುತ್ತವೆ. ನಾವು ಉತ್ಸಾಹದಿಂದ ಪಾನಾ ಹಾಕಿ ಬಲವಾಗಿ ತಿರುವಹೊರಟಾಗ ಭಾವನವರು ಕೈ ಹಿಡಿದರು. ತುಕ್ಕು ಹಿಡಿದ ಬೋಲ್ಟನ್ನು ಬಲದಿಂದ ತಿರುವಿದರೆ ಅದರ ತಲೆ ಮುರಿದು ಮೈ ಒಳಗೇ ಉಳಿಯುವುದು. ತುಕ್ಕು ಬಿಡಿಸುವ ಎಣ್ಣೆಯನ್ನು ಹನಿಸಿ ಒಂದು ರಾತ್ರಿ ಬಿಟ್ಟೆವು. ಮರುದಿನ ಅವು ತಾವಾಗಿಯೇ ಎಂಬಂತೆ ಸಡಿಲವಾದುವು. ಬಿಚ್ಚಿದ ಪ್ರತಿಯೊಂದು ಬೋಲ್ಟನ್ನೂ ಬೇರೆ ಬೇರೆ ಪೊಟ್ಟಣದಲ್ಲಿ ಕಟ್ಟಿ, ಅದರ ಸ್ಥಾನವನ್ನು ಮೇಲೆ ಬರೆದಿಟ್ಟೆವು. ಮೂವತ್ತು ವರ್ಷ ಉತ್ತರಪತ್ರಿಕೆಗಳನ್ನು ಕಟ್ಟುಮಾಡಿದ ಕೈಗೆ ಇದಾದರೂ ಒಪ್ಪುವ ಕೆಲಸವಾಗಿತ್ತು. ಆಸನದಲ್ಲಿಯೇ ಗಾಳಿಚೀಲವುಳ್ಳ ಈಚಿನ ಗಾಡಿಗಳಲ್ಲಿ ಈ ಕೆಲಸಕ್ಕೆ ಮನೆಯವರು ಕೈಹಾಕಲಾಗದು. ಆಸನದಡಿಯ ಹಳದಿ ತಂತಿಜೋಡಣೆಯನ್ನು ತಿಳಿಯದೆ ಮುಟ್ಟುವುದು ಅಪಾಯಕರ.

ಸಂಸ್ಕೃತದಲ್ಲಿ ‘ನೀಡ’ ಎಂಬ ಶಬ್ದಕ್ಕೆ ಹಕ್ಕಿಯ ಗೂಡೆಂದೂ, ರಥದ ಒಳಗಿನ ತಾಣವೆಂದೂ ಎರಡು ಅರ್ಥಗಳುಂಟು. ಪಾಠ ಹೇಳುತ್ತಿದ್ದ ಕಾಲದಲ್ಲಿ ಇವೆರಡಕ್ಕೂ ಏನು ಸಂಬಂಧವೆಂದು ನಾವು ಹೆಚ್ಚು ಯೋಚಿಸಿರಲಿಲ್ಲ. ಹಿಂದಿನ ಆಸನದ ಮೆತ್ತೆಯನ್ನು ಎತ್ತಿದಾಗ ತಿಳಿಯಿತು. ನೆಲಹಾಸಿನಡಿಯ ಹತ್ತಿಯ ಹಾಸನ್ನು ಕಿತ್ತು ಇಲಿಯೊಂದು ಸೊಗಸಾದ ಗೂಡು ಕಟ್ಟಿತ್ತು. ಸುತ್ತಲೂ ಮೊಮ್ಮಗಳು ಚೆಲ್ಲಿದ ಮಂಡಕ್ಕಿ. ಹತ್ತಿಯ ಗಿರಣಿಗಳಿಗೆ ಹೆಸರಾಗಿದ್ದ ಊರಿನ ಇಲಿಗೆ ಹತ್ತಿಯ ಸುಪ್ಪತ್ತಿಗೆಯೂ, ಮಂಡಕ್ಕಿಯ ಭೋಜನವೂ ಸಲ್ಲತಕ್ಕವೇ! ಆದರೆ ಹಿಂದಿನ ದೀಪಗಳಿಗೆ ಹೋಗುವ ತಂತಿಯ ಹೊದಿಕೆಯನ್ನು ಕಡಿದು ತಾಮ್ರವು ಕಾಣುವಂತೆ ಮಾಡಿದ್ದನ್ನು ನೋಡಿ ನಗು ಅಡಗಿತು. ಎರಡು ತಂತಿಗಳು ತಗಲಿದ್ದರೆ ಬೆಂಕಿಯೇ ಏಳಬಹುದಿತ್ತು.

ಇಲ್ಲಿ ಗೃಹಿಣಿಯರು ಗಮನಿಸಬೇಕಾದುದೊಂದಿದೆ. ಇಲಿಯ ಹಿಕ್ಕೆಯನ್ನು ಒಣಗಿದಂತೆಯೇ ಪೊರಕೆಯಿಂದ ಗುಡಿಸಬಾರದು. ಅದರ ಧೂಳು ಉಸಿರಿಗೆ ಸೇರುವುದು. ಇಲಿಜ್ವರವಂತೂ ಇಲಿಯ ಮೂತ್ರದಿಂದ ಹರಡುವ ರೋಗ. ಕಿಟಕಿಗಳನ್ನು ತೆರೆದು, ಕೈಚೀಲ ತೊಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಂದು ಪಾಲು ಬ್ಲೀಚಿಗೆ ಹತ್ತು ಪಾಲು ನೀರು ಬೆರೆಸಿ ಎರೆದು, ಐದಾರು ನಿಮಿಷ ನೆನೆದ ಮೇಲೆ ಕಾಗದದಿಂದ ಬಳಿದು ತೆಗೆದೆವು.

ನೆಲಹಾಸನ್ನು ಎತ್ತಿದಾಗ ಅದರಡಿಯ ಹಾಸು ಹಿಂಡಿದರೆ ನೀರಿಳಿಯುವಂತಿತ್ತು. ಚಾಲಕನ ಆಸನದ ಹಿಂದಿನ ಒಳಬೋಲ್ಟಿನ ಸುತ್ತ ತಗಡು ಕಂದಿತ್ತು. ಭಾವನವರು ಸ್ಕ್ರೂಡ್ರೈವರಿನ ತುದಿಯನ್ನು ಅಲ್ಲಿ ಮೆಲ್ಲನೆ ಒತ್ತಿದರು. ಅದು ಹಪ್ಪಳವನ್ನು ಚುಚ್ಚಿದಂತೆ ಆಚೆಗೆ ಹೋಯಿತು! ಕೆಳಗಿನ ನೆಲ ಕಾಣಿಸಿತು. ಕೆಲವು ತಿಂಗಳಿಂದ ಬ್ರೇಕು ಹಾಕಿದಾಗ ಆಸನವು ತುಸು ಓಲಾಡುತ್ತಿದ್ದುದನ್ನು ನಾವು ನಮ್ಮ ಸೊಂಟದ ದೋಷವೆಂದೇ ತಿಳಿದಿದ್ದೆವು. ಹೆದ್ದಾರಿಯಲ್ಲಿ ಲಾರಿಗಳ ನಡುವೆ, ಮಗುವನ್ನು ಹಿಂದೆ ಕೂರಿಸಿಕೊಂಡು, ಆ ಹಪ್ಪಳದ ಮೇಲೆ ಕುಳಿತು ಎಷ್ಟು ಸಲ ಹರಿಹರಕ್ಕೆ ಹೋಗಿಬಂದೆವೋ! ಆ ಸಂಜೆ ನಮಗೆ ಊಟ ರುಚಿಸಲಿಲ್ಲ.

ತುಕ್ಕು ಮೇಲುಮೇಲಿನದಾಗಿದ್ದರೆ ತಂತಿಯ ಬ್ರಷ್ಷಿನಿಂದ ಉಜ್ಜಿ, ಮರಳುಕಾಗದ ಹಾಕಿ, ಕೆಂಪು ಪ್ರೈಮರು ಬಳಿದು ಬಣ್ಣ ಹಚ್ಚಿದರಾಯಿತು. ಉಳಿದೆಡೆ ಹಾಗೆಯೇ ಮಾಡಿದೆವು. ಬೋಲ್ಟಿನ ಬಳಿ ಮಾತ್ರ ಬಣ್ಣದಿಂದ ಮುಚ್ಚುವುದು ಆತ್ಮವಂಚನೆ. ಕೊಳೆತ ತಗಡನ್ನು ಕತ್ತರಿಸಿ, ಹೊಸದನ್ನು ಬೆಸೆಯಲೇಬೇಕು. ಸ್ಟೂಲಿಟ್ಟುಕೊಂಡು ಗಾಡಿ ಓಡಿಸಿದ ಮಹನೀಯರನ್ನು ಭಾವನವರು ಕಂಡಿದ್ದಾರಂತೆ. ನಾವು ಎಳೆಸಿಕೊಂಡೇ ಟಿಂಕರಿಂಗ್ ಅಂಗಡಿಗೆ ಹೋದೆವು. ನೆಲದಡಿ ಪೆಟ್ರೋಲಿನ ಕೊಳವೆ ಹಾದಿರುವುದರಿಂದ ಬೆಸುಗೆಗೆ ಮುಂಚೆ ಅದನ್ನು ಸರಿಸಿಡಬೇಕೆಂದು ಭಾವನವರು ಪಕ್ಕದಲ್ಲಿ ನಿಂತು ಹೇಳಿ ಮಾಡಿಸಿದರು. ಇಲಿ ಕಡಿದ ತಂತಿಯನ್ನೂ ಆಗಲೇ ಬದಲಾಯಿಸಿದ್ದಾಯಿತು.

ನೀರು ಎಲ್ಲಿಂದ ಬಂತು? ನಾವು ಟಾರ್ಚು ಹಿಡಿದು ಒಳಗೆ ಕುಳಿತೆವು, ಭಾವನವರು ಹೊರಗಿನಿಂದ ಕೊಡದಲ್ಲಿ ನೀರೆರೆದರು. ಮುಂಗಾಜಿನ ಬಲಮೂಲೆಯ ರಬ್ಬರು ಬಿರಿದು, ಅಲ್ಲಿಂದ ಸಣ್ಣ ಧಾರೆಯೊಂದು ಚಾಲಕನ ಕಾಲಬುಡಕ್ಕೆ ಇಳಿಯಿತು. ಬಾಗಿಲುಗಳ ಅಡಿಯಲ್ಲಿ ನೀರು ಬಸಿಯಲೆಂದು ಇರುವ ರಂಧ್ರಗಳೂ ಎರೆಮಣ್ಣಿನಿಂದ ಮುಚ್ಚಿದ್ದುವು. ಕಡ್ಡಿಯಿಂದ ಅವನ್ನು ಬಿಡಿಸಿ, ಹೊಸ ರಬ್ಬರು ಹಾಕಿಸಿದೆವು.

ನೆಲಹಾಸನ್ನು ಸೋಪಿನ ನೀರಿನಲ್ಲಿ ತೊಳೆದು ತಾರಸಿಯ ಮೇಲೆ ಹರವಿದೆವು. ಆಸನಗಳಿಗೆ ನೀರು ಸುರಿಯಲಿಲ್ಲ. ಒಳಗಿನ ಸ್ಪಂಜು ಕುಡಿದ ನೀರನ್ನು ಬೇಗ ಬಿಡದು. ನೊರೆಯನ್ನು ಮಾತ್ರ ತೆಗೆದು ಬ್ರಷ್ಷಿನಿಂದ ತಿಕ್ಕಿ, ಒಣಬಟ್ಟೆಯಿಂದ ಒರೆಸಿದೆವು. ಒಂದೇ ದಿನಕ್ಕೆ ಎಲ್ಲವನ್ನೂ ಜೋಡಿಸಬೇಕೆಂಬ ನಮ್ಮ ಆತುರಕ್ಕೆ ಭಾವನವರು ಒಪ್ಪಲಿಲ್ಲ. ಮೂರು ಬಿಸಿಲು ಕಂಡ ಮೇಲೆಯೇ ಹಾಸು ಒಳಗೆ ಸೇರಿತು. ಬೋಲ್ಟುಗಳನ್ನೆಲ್ಲ ಮೊದಲು ಬೆರಳಿನಿಂದಲೇ ಕೂರಿಸಿ, ನಾಲ್ಕೂ ಸರಿಯಾಗಿ ಹಿಡಿದ ಮೇಲೆ ಪಾನಾದಿಂದ ಬಿಗಿದು, ಆಸನವು ಹಳಿಯಲ್ಲಿ ಜಾರಿ ಬೀಗ ಬೀಳುವುದನ್ನು ಪರೀಕ್ಷಿಸಿದೆವು.

ಹದಿನೈದು ವರ್ಷ ದಾಟಿದ ಸ್ವಂತ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ತಪಾಸಣೆಯ ಮೇಲೆ ನವೀಕರಿಸಬೇಕು. ನಮ್ಮ ಗಾಡಿಯ ಸರದಿ 2028ಕ್ಕೆ. ಅಲ್ಲಿಯವರೆಗೆ ಗುಜರಿಯ ಮಾತನ್ನು ಎತ್ತುವುದಿಲ್ಲವೆಂದು ಮನೆಯವರು ಒಪ್ಪಿದ್ದಾರೆ. ಕಾರಿನಲ್ಲಿ ಮಂಡಕ್ಕಿ ತಿನ್ನಕೂಡದೆಂಬ ಕರಾರಿನ ಮೇಲೆ ಮೊಮ್ಮಗಳು ಕಳೆದ ಭಾನುವಾರ ಹರಿಹರಕ್ಕೆ ಬಂದಳು. ದಾರಿಯಲ್ಲಿ ಒಮ್ಮೆಯೂ ಸೀನಲಿಲ್ಲ. ತುಂಗಭದ್ರೆಯ ಸೇತುವೆಯವರೆಗೂ ಹೋಗಿ ತಿರುಗಿಸಿಕೊಂಡು ಬರಬೇಕೆಂದು ಹಟ ಹಿಡಿದಳು, ಹೋಗಿಬಂದೆವು.