ಅರ್ಬಾಬ್ ಮನೆಯಿಂದ ಹಬ್ಬಕ್ಕೆ ಕರೆ ಬಂದರೆ...

ಪುತ್ತೂರಿನಿಂದ ಪಾಣಾಜೆ ಕಡೆಗೆ ಹೋಗುವಾಗ ಸಿಗುವ ಇರ್ದೆ, ಬೆಟ್ಟಂಪಾಡಿ ಸುತ್ತಮುತ್ತ ಗಲ್ಫಿನ ನಂಟಿಲ್ಲದ ಮುಸ್ಲಿಮ್ ಮನೆಗಳು ಕಡಿಮೆ. ರಜೆಯಲ್ಲಿ ಊರಿಗೆ ಬಂದವರನ್ನು ಒಂದು ಮಾತು ಕೇಳಿ ನೋಡಿ. ಇಷ್ಟು ವರ್ಷ ಅಲ್ಲಿದ್ದಿರಲ್ಲ, ಅಲ್ಲಿಯವರ ಮನೆಯೊಳಗೆ ಹಬ್ಬದ ದಿನ ಕೂತು ಉಂಡಿದ್ದೀರಾ? ಹೆಚ್ಚಿನವರು ನಕ್ಕುಬಿಡುತ್ತಾರೆ. ರೂಮು, ಅಂಗಡಿ, ಮಸೀದಿ, ಊರಿನವರ ಕೂಟ, ಇಷ್ಟರಲ್ಲೇ ಇಪ್ಪತ್ತು ವರ್ಷ ಸಂದಿರುತ್ತದೆ. ಕರೆಯೇ ಬಂದಿಲ್ಲವೆಂದಲ್ಲ. ಬಂದಾಗ, 'ಅವರು ಧಣಿಗಳು, ನಾವು ಕೆಲಸದವರು, ಅಲ್ಲಿ ನಮಗೇನು ಕೆಲಸ?' ಎಂಬ ಸಂಕೋಚ ಕಾಲು ಹಿಡಿದು ನಿಲ್ಲಿಸುತ್ತದೆ.

ಫ್ಯಾಮಿಲಿ ವೀಸಾದಲ್ಲೋ ವಿಸಿಟಿಂಗ್‌ನಲ್ಲೋ ಗಂಡನ ಜೊತೆ ಹೋಗಿರುವ ಸಹೋದರಿಯರಿಗೆ ಈ ಸಂಕೋಚ ಇನ್ನೂ ಹೆಚ್ಚು. ಅರಬಿ ಬಾರದು, ಉಡುಗೆ ಹೇಗಿರಬೇಕೋ ತಿಳಿಯದು, ಬರಿಗೈಯಲ್ಲಿ ಹೋಗುವುದು ಹೇಗೆ? ಗಂಡ ಒಬ್ಬನೇ ಹೋಗಿ ಬರುತ್ತಾನೆ, ಹೆಂಡತಿ ಹಬ್ಬದ ದಿನ ಫ್ಲಾಟಿನ ನಾಲ್ಕು ಗೋಡೆಗಳ ನಡುವೆ ಊರಿಗೆ ಫೋನ್ ಮಾಡಿ ಅಳುತ್ತಾಳೆ. ನೀವೇ ಹೇಳಿ, ಇದು ಬೇಕೇ?

ಒಮಾನ್‌ನ ಮಾತನ್ನೇ ತೆಗೆದುಕೊಳ್ಳಿ. ಹಬ್ಬಕ್ಕೆ ಕೆಲವು ದಿನ ಮುಂಚೆ ನಿಝ್ವಾದಂತಹ ಊರುಗಳಲ್ಲಿ ಆಡು, ದನ, ಬಟ್ಟೆಬರೆಗಳ ದೊಡ್ಡ ಸಂತೆ ಸೇರುತ್ತದೆ. ಅದರ ಹೆಸರು 'ಹಬ್ತಾ'. (ನಮ್ಮ 'ಹಬ್ಬ'ದ ಹಾಗೆ ಕೇಳಿಸುತ್ತದೆ, ಸಂಬಂಧವೇನೂ ಇಲ್ಲ!) ಅಲ್ಲಿಯ ಹಬ್ಬದ ಮುಖ್ಯ ಅಡುಗೆ 'ಶುವಾ'. ಮಾಂಸಕ್ಕೆ ಬೆಳ್ಳುಳ್ಳಿ, ಮೆಣಸು, ಕೊತ್ತಂಬರಿ, ಜೀರಿಗೆ, ಏಲಕ್ಕಿ ಅರೆದ ಮಸಾಲೆಯನ್ನು ವಿನೆಗರ್‌ನಲ್ಲಿ ಕಲಸಿ ಹಚ್ಚುತ್ತಾರೆ. ಬಾಳೆಎಲೆಯಲ್ಲಿ ಸುತ್ತಿ, ಖರ್ಜೂರದ ಗರಿಯಿಂದ ಹೆಣೆದ ಚೀಲದಲ್ಲಿ ತುಂಬಿ, ನೆಲದೊಳಗೆ ತೋಡಿದ ಕೆಂಡದ ಗುಂಡಿಗೆ ಇಳಿಸಿ ಬಾಯಿ ಮುಚ್ಚುತ್ತಾರೆ. ಒಂದು ದಿನ, ಕೆಲವೆಡೆ ಎರಡು ದಿನ, ಅದು ಅಲ್ಲೇ ಬೇಯುತ್ತದೆ. ಹಳ್ಳಿಗಳಲ್ಲಿ ಹಲವು ಮನೆಗಳಿಗೆ ಒಂದೇ ಗುಂಡಿ. ತಮ್ಮ ಚೀಲ ಯಾವುದೆಂದು ತಿಳಿಯಲು ಪ್ರತಿ ಮನೆಯವರೂ ಗುರುತು ಹಾಕಿರುತ್ತಾರೆ. ಗುಂಡಿ ತೆರೆಯುವ ಹೊತ್ತಿಗೆ ಇಡೀ ಕೇರಿ ಅಲ್ಲಿ ನೆರೆದಿರುತ್ತದೆ. ಬಾಳೆಎಲೆಯ ಆ ಪರಿಮಳ ನಮ್ಮೂರಿನ ಹೆಂಗಸರಿಗೆ ಹೊಸತೇನಲ್ಲ.

ಹಬ್ಬದ ಮನೆಯಲ್ಲಿ ಗಂಡಸರ ಮಜ್ಲಿಸ್ ಬೇರೆ, ಹೆಂಗಸರದ್ದು ಬೇರೆ. ಹೋದ ಕೂಡಲೇ ಹಣ್ಣು, ಖರ್ಜೂರ, ತುಪ್ಪ ಕೇಸರಿ ಹಾಕಿದ ಒಮಾನಿ ಹಲ್ವಾ ಮುಂದಿಡುತ್ತಾರೆ. ಆಮೇಲೆ ಖಹ್ವಾ, ಏಲಕ್ಕಿ ಹಾಕಿದ ಕಹಿ ಕಾಫಿ. ಈ ಅರಬಿ ಕಾಫಿಯನ್ನು 2015ರಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿಗೆ ಸೇರಿಸಿತು. ಒಮಾನ್, ಸೌದಿ, ಯುಎಇ, ಕತಾರ್ ಒಟ್ಟಾಗಿ ಅರ್ಜಿ ಹಾಕಿದ್ದವು. ಹಿಡಿಯಿಲ್ಲದ ಪುಟ್ಟ ಬಟ್ಟಲನ್ನು ಬಲಗೈಯಲ್ಲೇ ತೆಗೆದುಕೊಳ್ಳಿ. ಬಟ್ಟಲಿನ ತಳದಲ್ಲಿ ಸ್ವಲ್ಪವೇ ಇದೆಯಲ್ಲ, ಜಿಪುಣತನವೇ ಎಂದುಕೊಳ್ಳಬೇಡಿ, ಅದೇ ಮರ್ಯಾದೆ. ಖಾಲಿಯಾದಂತೆ ಮತ್ತೆ ಮತ್ತೆ ಸುರಿಯುತ್ತಲೇ ಇರುತ್ತಾರೆ. ಸಾಕೆನಿಸಿದರೆ ಬಟ್ಟಲನ್ನು ಅತ್ತಿತ್ತ ಮೆಲ್ಲನೆ ಅಲುಗಾಡಿಸಿ ಕೊಡಬೇಕು. ಇದು ತಿಳಿಯದಿದ್ದರೆ ಬಾಯಲ್ಲಿ ಎಷ್ಟು 'ಬೇಡ' ಎಂದರೂ ಕಾಫಿ ನಿಲ್ಲದು! ಕೊನೆಗೆ ಧೂಪದ ಬುಖೂರ್ ತಂದು ಬಟ್ಟೆಗೆ ಹೊಗೆ ಹಿಡಿಸಿದರೆ, ಎದ್ದು ಹೊರಡುವ ಹೊತ್ತಾಯಿತೆಂದು ತಿಳಿಯಿರಿ.

ಉಡುಗೊರೆಗೆ ತಲೆ ಕೆಡಿಸಿಕೊಳ್ಳಬೇಡಿ. ಮಕ್ಕಳಿಗೆ ಮಿಠಾಯಿ, ಊರಿನಿಂದ ತಂದ ಗೇರುಬೀಜ ಧಾರಾಳ ಸಾಕು. ಬಟ್ಟೆ ಮೈಮುಚ್ಚುವಂತಿರಲಿ, ಅಬಾಯಾವೇ ಆಗಬೇಕೆಂದಿಲ್ಲ. ನಮ್ಮೂರಿನ ಹಿಂದೂ, ಕ್ರೈಸ್ತ ನರ್ಸ್‌ಗಳಿಗೂ ಇಂತಹ ಕರೆ ಬರುತ್ತದೆ, ಅವರೂ ಅಳುಕಬೇಕಾಗಿಲ್ಲ.

ಒಂದು ವಿಷಯದಲ್ಲಿ ಮಾತ್ರ ಎಚ್ಚರ ತಪ್ಪಬೇಡಿ, ಅದು ಮೊಬೈಲು. ಹೆಂಗಸರ ಮಜ್ಲಿಸ್‌ನಲ್ಲಿ ಎಲ್ಲರೂ ಸಡಿಲವಾಗಿ, ಅಲಂಕಾರದಲ್ಲಿ ಕುಳಿತಿರುತ್ತಾರೆ. ಹಲ್ವಾ ತಟ್ಟೆಯ ಫೋಟೋ ತೆಗೆಯುವಾಗ ಹಿಂದೆ ಯಾರದೋ ಮುಖ ಬಿದ್ದು, ಅದು ಊರಿನ ವಾಟ್ಸಾಪ್ ಗ್ರೂಪಿಗೆ ಹೋದರೆ ನಿಮ್ಮ ಗಂಡನ ಕೆಲಸಕ್ಕೇ ಕುತ್ತು. ಕ್ಯಾಮರಾ ಫೋನಿನಿಂದ ಇತರರ ಖಾಸಗಿತನಕ್ಕೆ ಧಕ್ಕೆ ತಂದರೆ ಒಮಾನ್‌ನ 2011ರ ಸೈಬರ್ ಅಪರಾಧ ಕಾನೂನಿನಲ್ಲಿ ಜೈಲು ಶಿಕ್ಷೆಯಿದೆ. ಯುಎಇಯಲ್ಲೂ ಇಂಥದೇ ಕಾನೂನಿದೆ. ಫೋನನ್ನು ಚೀಲದೊಳಗಿಡುವುದೇ ಲೇಸು.

ಇನ್ನೊಂದು. ತಟ್ಟೆ ತಂದಿಡುವ ಮನೆಕೆಲಸದ ಹೆಂಗಸು ಹೆಚ್ಚಾಗಿ ಹೊರದೇಶದವಳೇ. ಅವಳಿಗೂ ಅದು ತನ್ನವರಿಲ್ಲದ ಹಬ್ಬ. ಮನೆಯೊಡತಿಯ ಕೈ ಕುಲುಕಿ ಅವಳನ್ನು ನೋಡದಂತೆ ಎದ್ದು ಬರುವುದು ಪರಊರಿನಲ್ಲಿ ದುಡಿಯುವ ನಮಗೆ ಶೋಭೆಯಲ್ಲ. 'ಈದ್ ಮುಬಾರಕ್' ಎನ್ನಲು ಭಾಷೆ ಬೇಕೇ?

ತಿಂಗಳ ಮೊದಲ ಪಿರೆ ನೋಡುವುದು ಅಲ್ಲಿಯೇ ಬೇರೆ, ಇಲ್ಲಿಯೇ ಬೇರೆ. ಎಷ್ಟೋ ವರ್ಷ ನಿಮಗೆ ಹಬ್ಬವಾದ ದಿನ ಬೆಟ್ಟಂಪಾಡಿಯಲ್ಲಿ ಉಮ್ಮ ಇನ್ನೂ ನೋಂಬಿನಲ್ಲಿರುತ್ತಾರೆ. ಶುವಾದ ರುಚಿಯನ್ನು ಆ ದಿನ ಫೋನಿನಲ್ಲಿ ವರ್ಣಿಸಬೇಡಿ, ಮರುದಿನ ಹೇಳಿ.

ಹೋಗಿ ಬಂದ ಮೇಲೆ ಅವರನ್ನೂ ಮನೆಗೆ ಕರೆಯಿರಿ. ಫ್ಲಾಟ್ ಚಿಕ್ಕದು, ಸೋಫಾ ಇಲ್ಲವೆಂಬ ನೆಪ ಬೇಡ, ನೆಲದಲ್ಲಿ ಸುಪ್ರ ಹಾಸಿ ಒಂದೇ ತಟ್ಟೆಯಿಂದ ಉಣ್ಣುವುದು ಅವರಿಗೂ ರೂಢಿಯೇ. ಕರೆದರೆ ಮಾತ್ರ ನೀವು ಕೆಲಸದವನ ಹೆಂಡತಿಯಾಗಿ ಉಳಿಯದೆ ಅವರ ನೆಂಟಳಾಗುತ್ತೀರಿ. ಪತ್ತಿರ್ ಮಾಡಿ, ತುಪ್ಪದ ಅನ್ನ ಮಾಡಿ, ಕೋಳಿ ಸಾರಿಗೆ ಮಾತ್ರ ಮೆಣಸು ಅರ್ಧ ಹಾಕಿ. ಅವರ ಅಡುಗೆಯಲ್ಲಿ ನಮ್ಮಷ್ಟು ಖಾರವಿಲ್ಲ.