ಕಡಲಿನ ಗಾಳಿ, ಕಪಿಲೆಯ ಬಯಲು

ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಹುಟ್ಟಿತೆಂಬ ಸುದ್ದಿ ಬಂದೊಡನೆ, ಆ ಕಡಲಿನಿಂದ ಬಹುದೂರದಲ್ಲಿ, ಕಪಿಲೆಯೆಂದೂ ಕರೆಯುವ ಕಬಿನಿ ನದಿಯ ದಡದಲ್ಲಿರುವ ನಂಜನಗೂಡು, ತಿರುಮಕೂಡಲು ನರಸೀಪುರಗಳ ರೈತನೂ ಆಕಾಶವನ್ನು ದಿಟ್ಟಿಸುವುದುಂಟು. ಆದರೆ ಆ ಮಾರುತವು ಅವನ ಹೊಲಕ್ಕೆ ಬರುವ ಹೊತ್ತಿಗೆ ಯಾವ ರೂಪವನ್ನು ತಾಳಿರುತ್ತದೆಂಬುದನ್ನು ಅರಿತರೆ ಮಾತ್ರ ಆ ಸುದ್ದಿಯಿಂದ ಪ್ರಯೋಜನವುಂಟು.

2024ರ ನವೆಂಬರ್ 30ರ ರಾತ್ರಿ ಪುದುಚೇರಿಯ ಬಳಿ ದಡವನ್ನು ಸೇರಿದ ಫೆಂಗಲ್ ಚಂಡಮಾರುತವು ಅಲ್ಲಿ ಗಂಟೆಗೆ 70ರಿಂದ 80 ಕಿಲೋಮೀಟರ್ ವೇಗದಲ್ಲಿ ಬೀಸಿ, ಮರುದಿನವೇ ಕುಗ್ಗಿ, ಒಳನಾಡನ್ನು ದಾಟಿ ಡಿಸೆಂಬರ್ 3ರ ವೇಳೆಗೆ ಅರಬ್ಬೀ ಸಮುದ್ರವನ್ನು ಮುಟ್ಟಿತು. ಬೆಚ್ಚನೆಯ ಕಡಲಿನಿಂದೇಳುವ ಆವಿಯು ಮೋಡವಾಗುವಾಗ ಹೊರಬೀಳುವ ಶಾಖವೇ ಚಂಡಮಾರುತದ ಚೈತನ್ಯವಾದುದರಿಂದ, ನೆಲವನ್ನೇರಿದೊಡನೆ ಆ ಮೂಲ ಬತ್ತುವುದಲ್ಲದೆ, ಗಿಡಮರ, ಬೆಟ್ಟಗುಡ್ಡಗಳ ಘರ್ಷಣೆಯಿಂದ ವೇಗವೂ ಕ್ಷೀಣಿಸುತ್ತದೆ. ಹವಾಮಾನ ಇಲಾಖೆಯ ಗಣನೆಯಲ್ಲಿ ಗಾಳಿಯ ವೇಗವು ಗಂಟೆಗೆ 62 ಕಿಲೋಮೀಟರ್ ಮುಟ್ಟಿದರೆ ಚಂಡಮಾರುತ, 31ರಿಂದ 49ರೊಳಗಾದರೆ ವಾಯುಭಾರ ಕುಸಿತ. ಪುದುಚೇರಿಯ ಕರಾವಳಿಯಿಂದ ಸುಮಾರು 340 ಕಿಲೋಮೀಟರ್ ದೂರದ ಕಪಿಲೆಯ ಬಯಲಿಗೆ ಸಾಮಾನ್ಯವಾಗಿ ಬರುವುದು ಗಾಳಿಯ ರಭಸ ಕಳೆದುಹೋಗಿ ಮಳೆ ಉಳಿದ ಮೋಡ.

ಹಾಗೆಂದು ನಿಶ್ಚಿಂತರಾಗುವಂತಿಲ್ಲ. ಎರಡು ದಿನ ಸೋನೆ ಹಿಡಿದು ನೆಲ ಮೆತ್ತಗಾದ ಮೇಲೆ ಸಾಧಾರಣ ಗಾಳಿಗೂ ಬೆಳೆ ಒರಗುತ್ತದೆ. ಕಬಿನಿ ನಾಲೆಯ ಬಯಲಿನಲ್ಲಿ ತೆನೆ ತೂಗುತ್ತ ಕೊಯ್ಲಿಗೆ ಬಂದ ಭತ್ತ ಮಲಗಿ, ತೆನೆ ನೀರಿಗೆ ತಾಗಿದರೆ ಕಾಳು ಗದ್ದೆಯಲ್ಲೇ ಮೊಳೆಯುತ್ತದೆ. ಕೆಸರಿಗೆ ಕಟಾವು ಯಂತ್ರವೂ ಇಳಿಯದು.

ರಸಬಾಳೆಗೆ ಹೆಸರಾದ ಈ ಸೀಮೆಯಲ್ಲಿ ಗಾಳಿಗೆ ಮೊದಲು ಸೋಲುವುದು ಬಾಳೆ. ಮರದಂತೆ ತೋರುವ ಅದರ ಕಂಬವು ಪಟ್ಟೆಗಳು ಒಂದನ್ನೊಂದು ಅಪ್ಪಿ ನಿಂತ ಕಟ್ಟು. ಬೇರು ನೆಲದ ಮೇಲ್ಪದರದಲ್ಲೇ ಹರಡಿರುತ್ತದೆ. ತಲೆಯಲ್ಲಿ ಒಂದು ಮಗ್ಗುಲಿಗೆ ಗೊನೆಯ ಭಾರ. ಎಲೆಯು ನರಗಳ ಗುಂಟ ಸೀಳಿ ಗಾಳಿಗೆ ದಾರಿ ಬಿಡುವುದು ನಿಸರ್ಗದ ಉಪಾಯವೇ ಸರಿ. ಆದರೆ ವೇಗ ಇಮ್ಮಡಿಯಾದರೆ ಗಾಳಿಯ ಒತ್ತಡ ನಾಲ್ಮಡಿಯಾಗುವುದರಿಂದ ಆ ಉಪಾಯಕ್ಕೂ ಒಂದು ಮಿತಿಯಿದೆ.

ಆ ಮಿತಿಯನ್ನು ಇಲ್ಲಿ ಹೆಚ್ಚಾಗಿ ಮೀರುವುದು ಏಪ್ರಿಲ್, ಮೇ ತಿಂಗಳ ಅಶ್ವಿನಿ, ಭರಣಿ ಮಳೆಗಳ ಬಿರುಗಾಳಿ. ಮಧ್ಯಾಹ್ನದ ಕಾವಿಗೆ ಎತ್ತರಕ್ಕೆ ಬೆಳೆದ ಮೋಡದಿಂದ ಹನಿಗಳು ಉದುರುತ್ತ ಆವಿಯಾದಾಗ ಸುತ್ತಣ ಗಾಳಿ ತಣಿದು, ಭಾರವಾಗಿ ಕೆಳಗೆ ಧುಮುಕಿ, ನೆಲಕ್ಕೆ ಬಡಿದು ದಿಕ್ಕುದಿಕ್ಕಿಗೆ ಚಿಮ್ಮುತ್ತದೆ. ಅದರ ಆಯುಷ್ಯ ಕೆಲವು ನಿಮಿಷ; ಒಂದೂರಿನಲ್ಲಿ ಮನೆಯ ಶೀಟು ಹಾರಿ, ವಿದ್ಯುತ್ ಕಂಬ ಮುರಿದು, ತೋಟವೇ ನೆಲಸಮವಾದರೂ ಪಕ್ಕದೂರಿನಲ್ಲಿ ಎಲೆಯೂ ಅಲುಗದಿರಬಹುದು.

ಆದುದರಿಂದ ಎರಡಕ್ಕೂ ಸಿದ್ಧತೆ ಬೇರೆ ಬೇರೆ. ಕೊಲ್ಲಿಯ ಮಾರುತವು ದಿನಗಳ ಮುನ್ಸೂಚನೆ ಕೊಡುವುದರಿಂದ, ಮಾಗಿದ ಭತ್ತವನ್ನು ಕೊಯ್ದು, ಗದ್ದೆಯ ನೀರು ಬಸಿದುಹೋಗಲು ಕಾಲುವೆ ತೆಗೆಯಲು ಅವಕಾಶವುಂಟು. ಬೇಸಿಗೆಯ ಬಿರುಗಾಳಿ ಅಷ್ಟು ಕಾಲಾವಕಾಶ ಕೊಡದು. ಗೊನೆ ಮೂಡಿದಾಗಲೇ ಬುಡಕ್ಕೆ ಮಣ್ಣೇರಿಸಿ, ವಾಲುವ ಮಗ್ಗುಲಿಗೆ ಬಿದಿರಿನ ಗಳು ಕೊಟ್ಟು ಬಿಗಿದಿರಬೇಕು.